ಹದ ಕಾವು: ಹೆದ್ದಾರಿಯುದ್ದಕ್ಕೂ ಬೆಳೆದ ಒಂದು ಕಸುಬು

ಪುಣೆಯ ಪಶ್ಚಿಮ ಅಂಚಿನ ವಾಕಡ ಮೂವತ್ತು ವರ್ಷಗಳ ಹಿಂದೆ ಮುಳಾ ನದಿಯ ಪಕ್ಕದ ಹಳ್ಳಿ. ಮ್ಹಾತೋಬಾನ ಗುಡಿ, ಸುತ್ತ ಹೊಲ. 1990ರ ದಶಕದ ಕೊನೆಯ ಹೊತ್ತಿಗೆ ನೆರೆಯ ಹಿಂಜವಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಎದ್ದಿತು. ಆಮೇಲೆ ಹೊಲಗಳು ಒಂದೊಂದಾಗಿ ಅಪಾರ್ಟ್‌ಮೆಂಟ್‌ಗಳಾದವು. ಊರಿನ ಮಗ್ಗುಲಲ್ಲೇ ಹಾಯುವ ಬೈಪಾಸ್ ಬೆಂಗಳೂರು ಹೆದ್ದಾರಿಯದು. ಹಿಂದೆ ನಾಲ್ಕನೆಯ ನಂಬರಿನದಾಗಿದ್ದು ಈಗ 48 ಆಗಿರುವ ಆ ರಸ್ತೆ ಸತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ಹರಿಹರ, ತುಮಕೂರು ದಾಟಿ ಪೀಣ್ಯಕ್ಕೆ ಬಂದು ಮುಟ್ಟುತ್ತದೆ. ಎಂಟುನೂರು ಕಿಲೋಮೀಟರಿಗೂ ಮಿಕ್ಕ ಈ ದಾರಿಯಲ್ಲಿ ರಾತ್ರಿ ಬಸ್ಸು ಹತ್ತುವ ಎಂಜಿನಿಯರುಗಳಲ್ಲಿ ಕನ್ನಡ ಮಾತಾಡುವವರು ಕಡಿಮೆಯೇನಲ್ಲ.

ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಈ ರಸ್ತೆಯ ಎರಡೂ ತುದಿಗೆ ಒಂದು ಸಣ್ಣ ಕಸುಬು ಬೆಳೆದಿದೆ. ಕುಲುಮೆಯ ಬೆಂಕಿಗೂ ಬಾಯ್ಲರಿನ ಹಬೆಗೂ ಅದು ಕೈಹಾಕುವುದಿಲ್ಲ. ಹತ್ತಿಪ್ಪತ್ತು ವ್ಯಾಟಿನಿಂದ ಒಂದೆರಡು ಸಾವಿರ ವ್ಯಾಟಿನವರೆಗಿನ ಹೀಟರುಗಳನ್ನು ಬೇಕಾದ ಡಿಗ್ರಿಯಲ್ಲಿ ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ಪೊಟ್ಟಣಕ್ಕೆ ಅಂಟು ಹಾಕುವ ಯಂತ್ರದ ದವಡೆ, ಪ್ಲಾಸ್ಟಿಕ್ ಅಚ್ಚಿನ ಯಂತ್ರಕ್ಕೆ ಸುತ್ತಿದ ಬ್ಯಾಂಡ್ ಹೀಟರ್, ಲ್ಯಾಬಿನ ಇನ್‌ಕ್ಯುಬೇಟರ್, ಬೆಸುಗೆಯ ಸೋಲ್ಡರಿಂಗ್ ಐರನ್, ರೇಷ್ಮೆ ಹುಳುವಿನ ಕೋಣೆ, ಎಲ್ಲದಕ್ಕೂ ಬೇಕಾದದ್ದು ಹದ ಕಾವು.

ಮೈಕ್ರೋಕಂಟ್ರೋಲರ್ ಬಂತು, ಆದ್ದರಿಂದ ಈ ಕೆಲಸ ಸಣ್ಣ ವರ್ಕ್‌ಶಾಪಿನವರ ಕೈಗೆ ಬಂತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಆ ಚಿಪ್ ಹುಟ್ಟಿದ್ದು 1970ರ ದಶಕದಲ್ಲಿ. ಎರಡು ಟೇಬಲ್ಲಿನ ವರ್ಕ್‌ಶಾಪುಗಳು ಅದನ್ನು ಧೈರ್ಯವಾಗಿ ಬಳಸಲು ಇನ್ನೂ ಹದಿನೈದು ಇಪ್ಪತ್ತು ವರ್ಷ ಹಿಡಿಯಿತು. ನಡುವೆ ಏನಾಯಿತು ಎಂಬುದೇ ಈ ಕಸುಬಿನ ನಿಜವಾದ ಇತಿಹಾಸ.

ಕಥೆಯ ಮೊದಲ ತುದಿ ಮೈಸೂರು ಸೀಮೆಯಲ್ಲಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಕರೆಂಟಿನಿಂದ ಬೆಳಕು ಸುಲಭವಾಗಿ ಸಿಕ್ಕಿದಷ್ಟು ಶಾಖ ಸಿಗಲಿಲ್ಲ. ಕೆಂಪಗೆ ಕಾದರೂ ಸುಟ್ಟುಹೋಗದ ಅಗ್ಗದ ತಂತಿಯೇ ಇರಲಿಲ್ಲ: ಕಬ್ಬಿಣ ಗಾಳಿಗೆ ಬೆಂದು ಉದುರುತ್ತಿತ್ತು, ಪ್ಲಾಟಿನಂ ಕೊಳ್ಳಲು ಅರಮನೆಯವರೇ ಬೇಕು. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ಲಿಗೆ ಕ್ರೋಮಿಯಂ ಬೆರೆಸಿ ತಯಾರಿಸಿದ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. ನೈಕ್ರೋಮ್ ಎಂದು ಹೆಸರಾದ ಆ ತಂತಿ ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು ಕರೆಂಟಿಗೆ ಅಡ್ಡಿ ಒಡ್ಡುತ್ತದೆ. ಜೊತೆಗೆ ಕಾದೊಡನೆ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಂಡು, ಒಳಗಿನ ಲೋಹವನ್ನು ತಾನೇ ಕಾಯ್ದುಕೊಳ್ಳುತ್ತದೆ. ಇಂದಿಗೂ ಜಗತ್ತಿನ ಬಹುಪಾಲು ಸಣ್ಣ ಹೀಟರುಗಳ ಒಳಗಿರುವುದು ಇದು ಇಲ್ಲವೇ ಇದರ ದಾಯಾದಿ ಲೋಹಗಳು.

ಕನ್ನಡ ನಾಡಿನ ಮನೆಗಳಿಗೆ ಅದು ಬಂದದ್ದು ಕರೆಂಟ್ ಒಲೆಯಾಗಿ. ಬಿಳಿ ಪಿಂಗಾಣಿ ತಟ್ಟೆ, ಅದರ ತೋಡಿನಲ್ಲಿ ಸುರುಳಿ ಸುತ್ತಿದ ಕಾಯಿಲ್. ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ ಹಾಸ್ಟೆಲ್ ಕೋಣೆಗಳಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಅನ್ನ ಬೆಂದದ್ದು ಇದರ ಮೇಲೆಯೇ. ಕಾಯಿಲ್ ಕಡಿದರೆ ಹೊಸದನ್ನು ಯಾರು ತರುತ್ತಾರೆ? ಎರಡು ತುದಿ ಎಳೆದು ತಿರುಚಿ ಕೂಡಿಸಿದರಾಯಿತು. ಕೂಡಿಸಿದ ಒಲೆ ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು, ಮತ್ತೆ ಬೇಗ ಕಡಿಯುತ್ತಿತ್ತು. ಲೆಕ್ಕ ಸರಳ. 230 ವೋಲ್ಟಿನಲ್ಲಿ ಸಾವಿರ ವ್ಯಾಟಿನ ಕಾಯಿಲಿಗೆ ಸುಮಾರು 53 ಓಮ್ ರೋಧ ಬೇಕು. ಹತ್ತರಲ್ಲೊಂದು ಪಾಲು ತಂತಿ ತುಂಡಾಗಿ ಹೋದರೆ ರೋಧ 48ರ ಹತ್ತಿರ ಇಳಿದು ಶಕ್ತಿ 1100 ವ್ಯಾಟ್ ದಾಟುತ್ತದೆ, ಅದೂ ಮೊದಲಿಗಿಂತ ಗಿಡ್ಡ ತಂತಿಯ ಮೇಲೆ. ಎಲೆಕ್ಟ್ರಿಕ್ ಅಂಗಡಿಯವರು ಓಮನ ನಿಯಮವನ್ನು ಪುಸ್ತಕದಲ್ಲಿ ಓದಿರಲಿಲ್ಲ. ಆದರೆ ‘ಗಿಡ್ಡ ಕಾಯಿಲ್ ಬಾಳಿಕೆ ಬರಲ್ಲ’ ಎಂಬುದು ಅವರಿಗೆ ಗೊತ್ತಿತ್ತು.

ಆ ಒಲೆಗೆ ಹತೋಟಿ ಎಂಬುದೇ ಇರಲಿಲ್ಲ. ಪ್ಲಗ್ ಹಾಕುವುದು, ಕೀಳುವುದು, ಅಷ್ಟೇ.

ಹತೋಟಿಯ ಮೊದಲ ಉಪಾಯ ಇಸ್ತ್ರಿ ಪೆಟ್ಟಿಗೆಯಲ್ಲಿ ಮನೆಮನೆಗೆ ಬಂತು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದರೆ ಕಾದಾಗ ಜೋಡಿ ಬಾಗುತ್ತದೆ, ಬಾಗಿ ಸಂಪರ್ಕ ಬಿಡಿಸುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರದಲ್ಲಿ ಬಳಸಿದ ಯುಕ್ತಿ ಇದು. 1830ರಲ್ಲಿ ಆಂಡ್ರ್ಯೂ ಯೂರ್ ಇದನ್ನು ಶಾಖ ನಿಯಂತ್ರಣಕ್ಕೆ ಹೂಡಿ ಪೇಟೆಂಟ್ ಪಡೆದ. ಉಷ್ಣತೆಗೆ ಹೆಚ್ಚುಕಡಿಮೆ ಹಿಗ್ಗದೆ ಕೂರುವ ಇನ್ವಾರ್ ಲೋಹವನ್ನು 1896ರಲ್ಲಿ ಷಾರ್ಲ್ ಗಿಯೋಮ್ ಕಂಡುಹಿಡಿದ ಮೇಲಂತೂ ಇಂಥ ಪಟ್ಟಿಗಳು ಬಹಳ ನಿಖರವಾದವು; ಆತನಿಗೆ 1920ರ ನೊಬೆಲ್ ಬಂತು. ಆದರೂ ಅದರ ಸ್ವಭಾವ ಒರಟು. ಪಟ್ಟಿ ಬಾಗಿ ಸಂಪರ್ಕ ತಪ್ಪಿದ ಮೇಲೂ ಹೀಟರಿನ ಒಡಲಲ್ಲಿ ಉಳಿದ ಕಾವು ಹೊರಗೆ ಬರುತ್ತಲೇ ಇರುತ್ತದೆ, ತಾಪಮಾನ ಗುರಿ ದಾಟಿ ಮೇಲೆ ಹೋಗುತ್ತದೆ. ಮತ್ತೆ ಸಂಪರ್ಕ ಕೂಡುವ ಹೊತ್ತಿಗೆ ಗುರಿಗಿಂತ ಕೆಳಗೆ ಬಿದ್ದಿರುತ್ತದೆ. ಹತ್ತಿ ಬಟ್ಟೆಗೆ ಹತ್ತು ಡಿಗ್ರಿ ಆಚೀಚೆಯಾದರೆ ಯಾರೂ ಅಳುವುದಿಲ್ಲ. ಔಷಧದ ಕಾರ್ಖಾನೆಗೆ ಆ ಉದಾರತೆ ಇಲ್ಲ.

ವಾಕಡದಿಂದ ಹತ್ತು ಕಿಲೋಮೀಟರಿನೊಳಗಿರುವ ಪಿಂಪರಿ ಕಥೆಯೊಳಗೆ ಬರುವುದು ಇಲ್ಲೇ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಮರುವರ್ಷ ಅಲ್ಲಿ ಪೆನಿಸಿಲಿನ್ ತಯಾರಿಸತೊಡಗಿತು. ಅದರ ಸಂಶೋಧನಾ ವಿಭಾಗವನ್ನು ನಡೆಸಿದವರು ಮೈಸೂರು ಸೀಮೆಯ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್. 1960ರ ದಶಕದ ಆರಂಭದಲ್ಲಿ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಲೋಕಕ್ಕೆ ಕೊಟ್ಟಿತು. ಅದನ್ನು ಸ್ರವಿಸುವ ಸೂಕ್ಷ್ಮಜೀವಿಗೆ ಪಿಂಪರಿಯ ಹೆಸರೇ ಅಂಟಿ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’ ಆಯಿತು. ದೊಡ್ಡ ಹುದುಗು ತೊಟ್ಟಿಗಳಲ್ಲಿ ಜೀವಿಗಳೇ ಶಾಖ ಹೊರಡಿಸುವುದರಿಂದ ಅಲ್ಲಿ ತಂಪು ಮಾಡುವುದೇ ಕಷ್ಟ. ಆದರೆ ಆ ಜೀವಿಗಳ ಮೂಲ ತಳಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಇನ್‌ಕ್ಯುಬೇಟರಿಗೆ ಹೀಟರ್ ಬೇಕು, ರಾತ್ರಿಯೆಲ್ಲ ಒಂದೇ ಮಟ್ಟದಲ್ಲಿ. ಅಲ್ಲಿ ಡಿಗ್ರಿ ತಪ್ಪಿದರೆ ಹಾಳಾಗುವುದು ವಾರಗಳ ಕೆಲಸ.

ಪಿಂಪರಿ, ಚಿಂಚವಡ, ಕಾಸಾರವಾಡಿ, ಭೋಸರಿಗಳಲ್ಲಿ ಶಾಖವೇ ಬಂಡವಾಳವಾದ ಉದ್ಯಮಗಳು ಮೊದಲಿಂದಲೂ ಸೇರುತ್ತ ಬಂದವು. ಹಬೆಯ ಉಪಕರಣಗಳ ಫೋರ್ಬ್ಸ್ ಮಾರ್ಷಲ್ ಕಾಸಾರವಾಡಿಯಲ್ಲಿ ನೆಲೆಯೂರಿತು. 1966ರಲ್ಲಿ ವಾನ್ಸನ್ ಇಂಡಿಯಾ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 1980ರಲ್ಲಿ ಥರ್ಮ್ಯಾಕ್ಸ್ ಆಯಿತು. ಹೆದ್ದಾರಿಯ ಇನ್ನೊಂದು ನಂಟು ಕಿರ್ಲೋಸ್ಕರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಅವರ ಮನೆತನದ ಕಾರ್ಖಾನೆಗಳು 1941ರಲ್ಲಿ ಹರಿಹರದಲ್ಲಿ, 1946ರಲ್ಲಿ ಒಂದೇ ವರ್ಷ ಪುಣೆಯಲ್ಲೂ ಬೆಂಗಳೂರಿನಲ್ಲೂ ಎದ್ದವು. ಲೇತು, ಮೋಟಾರು, ಎಂಜಿನ್ನುಗಳ ಜೊತೆ ಕುಶಲಕರ್ಮಿಗಳೂ ಈ ದಾರಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದರು. ವಾಕಡದ ಇಂದಿನ ಕನ್ನಡ ಎಂಜಿನಿಯರು ಈ ದಾರಿ ಹಿಡಿದ ಮೊದಲಿಗನೇನಲ್ಲ.

ಇಂಥ ಕಾರ್ಖಾನೆಗಳ ಪ್ಯಾನೆಲ್ಲುಗಳಲ್ಲಿ ಬಾಗುವ ಪಟ್ಟಿಯ ಬದಲು ಕಂಟ್ರೋಲರುಗಳು ಕೂತಿದ್ದವು. ಅವುಗಳ ಹಿಂದಿನ ವಿಚಾರ ಹಡಗಿನಿಂದ ಬಂದದ್ದು. ಹಡಗಿನ ಚುಕ್ಕಾಣಿ ಹಿಡಿದ ನಾವಿಕನ ಕೈ ಏನು ಮಾಡುತ್ತದೆಂದು ನೋಡಿ ನಿಕೋಲಸ್ ಮಿನೋರ್ಸ್ಕಿ 1922ರಲ್ಲಿ ಅದನ್ನು ಗಣಿತವಾಗಿ ಬರೆದ. ಗುರಿಯಿಂದ ಈಗ ಎಷ್ಟು ದೂರ ಇದ್ದೇವೆ, ಇಷ್ಟು ಹೊತ್ತು ಒಟ್ಟು ಎಷ್ಟು ಹಿಂದೆ ಬಿದ್ದಿದ್ದೇವೆ, ಎಷ್ಟು ವೇಗವಾಗಿ ಗುರಿಯ ಹತ್ತಿರ ಹೋಗುತ್ತಿದ್ದೇವೆ, ಈ ಮೂರನ್ನೂ ತೂಗಿ ಕೈ ತಿರುಗಿಸಬೇಕು. ಪಿಐಡಿ ಎಂಬ ಮೂರಕ್ಷರ ಹೇಳುವುದು ಇಷ್ಟನ್ನೇ. ಹಾಲು ಉಕ್ಕುವ ಮುಂಚೆಯೇ ಒಲೆ ಸಣ್ಣದು ಮಾಡುವ ಅಜ್ಜಿಗೂ ಮೂರನೆಯದು ಚೆನ್ನಾಗಿ ಗೊತ್ತು. 1942ರಲ್ಲಿ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯ ಝೀಗ್ಲರ್ ಮತ್ತು ನಿಕೋಲ್ಸ್ ಆ ಮೂರರ ತೂಕವನ್ನು ಕಾರ್ಖಾನೆಯಲ್ಲೇ ನಿಂತು ಹೊಂದಿಸಿಕೊಳ್ಳುವ ದಾರಿ ತೋರಿದರು: ವ್ಯವಸ್ಥೆ ತೂಗಾಡಲು ಶುರುವಾಗುವವರೆಗೆ ಬಿರುಸು ಏರಿಸು, ತೂಗಾಟದ ಅವಧಿ ಅಳೆ, ಅದರಿಂದ ಲೆಕ್ಕ ಹಾಕು. ಗಾಳಿಯೊತ್ತಡದಿಂದ ನಡೆಯುತ್ತಿದ್ದ ಆ ಕಾಲದ ಯಂತ್ರಗಳಿಗೆ ಹೇಳಿದ ಈ ನಿಯಮ ಭೋಸರಿಯ ವರ್ಕ್‌ಶಾಪುಗಳಲ್ಲಿ ಇವತ್ತೂ ನಡೆಯುತ್ತದೆ.

ಮೂರಕ್ಷರದ ಗಣಿತ ಎಲ್ಲರಿಗೂ ಸಿಕ್ಕಿತು, ಅದನ್ನು ಮಾಡುವ ಪೆಟ್ಟಿಗೆ ಮಾತ್ರ ದುಬಾರಿ. ಸಣ್ಣ ಪ್ಯಾಕಿಂಗ್ ಯಂತ್ರ ಮಾಡುವವನು ಅದರ ಆಸೆ ಬಿಟ್ಟು ಥರ್ಮೋಸ್ಟಾಟಿನಲ್ಲೇ ದಿನ ದೂಡಿದ.

ಚಿಪ್ ಬಂದದ್ದು ಆಗ. ಇಂಟೆಲ್ ಕಂಪನಿ 1976ರಲ್ಲಿ 8048, 1980ರಲ್ಲಿ 8051 ಹೊರತಂದಿತು. ಲೆಕ್ಕ ಮಾಡುವ ಭಾಗ, ನೆನಪು, ಟೈಮರು, ಹೊರಗಿನ ತಂತಿಗಳಿಗೆ ಕೈಚಾಚುವ ಪಿನ್ನುಗಳು, ಎಲ್ಲ ನಲವತ್ತು ಕಾಲಿನ ಒಂದೇ ಕಪ್ಪು ತುಂಡಿನಲ್ಲಿ. ಅದನ್ನು ಬಳಸಬಲ್ಲ ಜನರನ್ನು ತಯಾರಿಸುವ ಕೆಲಸ ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಸ್ ಸಹಕಾರದಿಂದ ತೆರೆದ ಸಿಇಡಿಟಿ, ಅಂದರೆ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನದ ಕೇಂದ್ರ, ಸಮೀಕರಣದ ಜೊತೆಗೆ ಪೆಟ್ಟಿಗೆಯ ಆಕಾರ, ಸ್ಕ್ರೂವಿನ ಜಾಗ, ಶಾಖ ಹೊರಹೋಗುವ ದಾರಿಯನ್ನೂ ಪಾಠವಾಗಿ ಕಲಿಸಿತು. ಉಪಕರಣ ಎಂದರೆ ಬರೀ ಸರ್ಕ್ಯೂಟ್ ಅಲ್ಲ ಎಂಬ ಆ ತಿಳಿವಳಿಕೆ ಪೀಣ್ಯದ ಶೆಡ್ಡುಗಳಿಗೆ ನಿಧಾನವಾಗಿ ಇಳಿದು ಬಂತು.

ಆದರೂ ಸಣ್ಣವರು ಹಿಂಜರಿದರು. ಕಾರಣ ಬೆಲೆಯೊಂದೇ ಅಲ್ಲ. 8051ರ ಒಳಗಿನ ಪ್ರೋಗ್ರಾಮನ್ನು ಚಿಪ್ ತಯಾರಾಗುವಾಗಲೇ ಅಚ್ಚು ಹಾಕಿಸಬೇಕಿತ್ತು; ಸಾವಿರಾರು ಚಿಪ್ ಕೊಳ್ಳುವವರಿಗೆ ಅದು ಸರಿ. ಉಳಿದವರು ಒಳಗೆ ಪ್ರೋಗ್ರಾಮ್ ನೆನಪಿಲ್ಲದ 8031 ತಂದು, ಪಕ್ಕದಲ್ಲಿ ಇಪ್ರೋಮ್ ಎಂಬ ನೆನಪಿನ ಚಿಪ್, ನಡುವೆ 74373 ಎಂಬ ಲ್ಯಾಚ್ ಕೂಡಿಸಿ, ಒಂದರ ಕೆಲಸಕ್ಕೆ ಮೂರು ಚಿಪ್ ಹಾಕುತ್ತಿದ್ದರು. ಇಪ್ರೋಮಿನ ಬೆನ್ನಿಗೆ ಗಾಜಿನ ಕಿಟಕಿ. ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ತಪ್ಪಿದರೂ ಅದನ್ನು ಸಾಕೆಟ್ಟಿನಿಂದ ಕಿತ್ತು, ಅತಿನೇರಳೆ ದೀಪದ ಡಬ್ಬಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಮಲಗಿಸಿ, ಮತ್ತೆ ಬರೆದು, ಮತ್ತೆ ಚುಚ್ಚಬೇಕು. ಹೀಟರಿನ ಹದ ಒಮ್ಮೆಗೇ ಕೂರುವಂಥದ್ದಲ್ಲ. ಮೂರು ತೂಕಗಳನ್ನು ಹತ್ತಾರು ಸಲ ಬದಲಿಸಿ ನೋಡಬೇಕು. ಪ್ರತಿ ಸಲವೂ ಇಷ್ಟು ಪೂಜೆ. ಚಿಪ್ಪಿನ ಕಾಲುಗಳು ಬಾಗಿ ಮುರಿಯುವುದು ಬೇರೆ.

1993ರಲ್ಲಿ ಆಟ್ಮೆಲ್ ಕಂಪನಿಯ ಎಟಿ89ಸಿ51 ಬಂದು ಈ ಪೂಜೆ ಮುಗಿಸಿತು. ಅದೇ 8051, ಒಳಗೆ ನಾಲ್ಕು ಕಿಲೋಬೈಟಿನ ಫ್ಲ್ಯಾಶ್ ನೆನಪು. ಕರೆಂಟಿನಿಂದಲೇ ಕ್ಷಣದಲ್ಲಿ ಅಳಿಸಬಹುದು, ಸಾವಿರ ಸಲ ಬರೆಯಬಹುದು. ಕಿಟಕಿ ಇಲ್ಲ, ಲ್ಯಾಚ್ ಇಲ್ಲ. ಅದೇ ವರ್ಷ ಮೈಕ್ರೋಚಿಪ್ ಕಂಪನಿಯ ಪಿಕ್ 16ಸಿ84 ಕೂಡ ಇದೇ ಗುಣ ಹೊತ್ತು ಬಂತು. ಆಮದಿನ ಬಿಗಿ 1991ರ ನಂತರ ಸಡಿಲವಾಗಿತ್ತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಪುಣೆಯ ಬುಧವಾರ ಪೇಠೆಯ ತಾಪಕೀರ ಗಲ್ಲಿ, ಬೆಂಗಳೂರಿನ ಎಸ್.ಪಿ. ರೋಡುಗಳಲ್ಲಿ ಈ ಚಿಪ್ಪುಗಳು ರೆಸಿಸ್ಟರಿನಂತೆ ಬಿಡಿಬಿಡಿಯಾಗಿ ಸಿಗತೊಡಗಿದವು. ಕಸುಬು ನಿಜಕ್ಕೂ ತಿರುಗಿದ್ದು ಇಲ್ಲಿ. ಚಿಪ್ ಎಷ್ಟು ಜಾಣ ಎನ್ನುವುದಕ್ಕಿಂತ, ತಪ್ಪು ಮಾಡಿ ತಿದ್ದಿಕೊಳ್ಳಲು ಎಷ್ಟು ಖರ್ಚು ಎನ್ನುವುದು ಇತಿಹಾಸವನ್ನು ತೀರ್ಮಾನಿಸಿತು. ಪುಣೆ–ಸತಾರಾ ರಸ್ತೆಯ ಎಲೆಕ್ಟ್ರಾನಿಕ್ ಕೋ-ಆಪರೇಟಿವ್ ಎಸ್ಟೇಟಿನಿಂದ ಹಿಡಿದು ಪೀಣ್ಯದವರೆಗೆ ಎರಡು ಟೇಬಲ್ಲು, ಒಂದು ಆಸಿಲೋಸ್ಕೋಪ್ ಇದ್ದವರೂ ತಮ್ಮದೇ ಟೆಂಪರೇಚರ್ ಕಂಟ್ರೋಲರ್ ಮಾಡಬಹುದಾಯಿತು.

ಹೊಸಬರನ್ನು ಒದಗಿಸಿದ್ದು ಬೆಳಗಾವಿ. 1998ರಲ್ಲಿ ಅಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೈಕ್ರೋಕಂಟ್ರೋಲರ್ ಲ್ಯಾಬಿನ ಪ್ರಯೋಗಗಳಲ್ಲಿ ಸ್ಟೆಪರ್ ಮೋಟಾರು, ಕೀಪ್ಯಾಡು, ಲಿಫ್ಟಿನ ಮಾದರಿಗಳ ಜೊತೆಗೆ 8051ಕ್ಕೆ ತಾಪಮಾನ ನಿಯಂತ್ರಣವನ್ನು ಕೂಡಿಸುವುದೂ ಇತ್ತು. ಕೆನೆತ್ ಅಯಾಲ, ಮಜೀದಿ ಇವರ ಪುಸ್ತಕಗಳ ಜೆರಾಕ್ಸ್ ಇಲ್ಲದ ಹಾಸ್ಟೆಲ್ ಕೋಣೆ ಆ ಕಾಲದಲ್ಲಿ ಅಪರೂಪ. ಪ್ರಯೋಗ ಪರೀಕ್ಷೆಯಲ್ಲಿ ತಾಪಮಾನ ನಿಯಂತ್ರಣದ ಚೀಟಿ ಬಂದವರು ಬೆವರಿದ್ದೂ ಉಂಟು, ಏಕೆಂದರೆ ಅದರಲ್ಲಿ ನಿಜವಾದ ಜಗತ್ತಿನ ಕೊಸರಾಟವೆಲ್ಲ ಇತ್ತು.

ಮೊದಲ ಕೊಸರು ಅಳತೆಯದು. ಎಲ್ಎಂ35 ಎಂಬ ಸೆನ್ಸರ್ ಪ್ರತಿ ಡಿಗ್ರಿಗೆ ಹತ್ತು ಮಿಲಿವೋಲ್ಟ್ ಕೊಡುತ್ತದೆ. ಎಂಟು ಬಿಟ್ಟಿನ ಪರಿವರ್ತಕ ಐದು ವೋಲ್ಟನ್ನು 256 ಪಾಲು ಮಾಡುವುದರಿಂದ ಒಂದು ಮೆಟ್ಟಿಲು ಇಪ್ಪತ್ತು ಮಿಲಿವೋಲ್ಟಿನ ಹತ್ತಿರ ಬರುತ್ತದೆ, ಅಂದರೆ ಎರಡು ಡಿಗ್ರಿ. ಎರಡು ಡಿಗ್ರಿಯ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಚಿಪ್ ಕುರುಡು. ಪರಿವರ್ತಕದ ಆಧಾರ ವೋಲ್ಟೇಜನ್ನು 2.56ಕ್ಕೆ ಇಳಿಸಿದರೆ ಮೆಟ್ಟಿಲು ಸರಿಯಾಗಿ ಒಂದು ಡಿಗ್ರಿಯಾಗುತ್ತದೆ. ಒಂದೆರಡು ರೆಸಿಸ್ಟರಿನ ಈ ಯುಕ್ತಿ ಗೊತ್ತಿದ್ದವನಿಗೂ ಇಲ್ಲದವನಿಗೂ ನಡುವೆ ಕೆಲಸಗಾರಿಕೆಯ ಅಂತರವೇ ಇತ್ತು. ಮುಂದೆ ಡಿಎಸ್18ಬಿ20 ಬಂದು ಡಿಗ್ರಿಯ ಹದಿನಾರನೇ ಒಂದು ಪಾಲನ್ನು ನೇರವಾಗಿ ಅಂಕಿಯಲ್ಲೇ ಹೇಳತೊಡಗಿತು.

ಎರಡನೆಯದು ಸ್ವಿಚ್ಚಿನದು. ಮೊದಮೊದಲು ಎಲ್ಲರೂ ರಿಲೇ ಹಾಕಿದರು. ಟಕ್ ಟಕ್ ಸದ್ದು ಗಿರಾಕಿಗೂ ಸಮಾಧಾನ ಕೊಡುತ್ತಿತ್ತು. ಸಾಮಾನ್ಯ ರಿಲೇಯ ಸಂಪರ್ಕ ಪೂರ್ಣ ಹೊರೆಯಲ್ಲಿ ಸುಮಾರು ಒಂದು ಲಕ್ಷ ಸಲ ಬಾಳುತ್ತದೆ. ಹದ ಚೆನ್ನಾಗಿರಲೆಂದು ಹತ್ತು ಸೆಕೆಂಡಿಗೊಮ್ಮೆ ಹಾಕಿ ತೆಗೆದರೆ ದಿನಕ್ಕೆ 8640 ಸಲ. ಲಕ್ಷ ಮುಗಿಯಲು ಹನ್ನೆರಡು ದಿನ ಸಾಕು. ಹೀಗಾಗಿ ಟ್ರಯಾಕ್ ಬಂತು. ಅಲುಗಾಡುವ ಭಾಗವಿಲ್ಲದ ಈ ಸ್ವಿಚ್ಚಿಗೂ ಚಿಪ್ಪಿಗೂ ನಡುವೆ ಬೆಳಕಿನಿಂದ ಮಾತಾಡುವ ಆಪ್ಟೋಕಪ್ಲರ್ ಇಟ್ಟರೆ 230 ವೋಲ್ಟ್ ಐದು ವೋಲ್ಟಿನ ಮನೆಗೆ ನುಗ್ಗುವುದಿಲ್ಲ. ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುತ್ತದೆ. ಎಂಒಸಿ3041 ಜಾತಿಯ ಆಪ್ಟೋಕಪ್ಲರ್ ಆ ಸೊನ್ನೆಯ ಹತ್ತಿರವಷ್ಟೇ ಟ್ರಯಾಕನ್ನು ಎಬ್ಬಿಸುವುದರಿಂದ ಪಕ್ಕದ ರೇಡಿಯೋ ಗರಗರ ಎನ್ನುವುದಿಲ್ಲ. ಸೆಕೆಂಡಿನ ನೂರು ಅರ್ಧ ಅಲೆಗಳಲ್ಲಿ ಮೂವತ್ತೇಳನ್ನು ಬಿಟ್ಟು ಉಳಿದದ್ದನ್ನು ತಡೆದರೆ ಹೀಟರಿಗೆ ಶೇಕಡಾ ಮೂವತ್ತೇಳು ಶಕ್ತಿ. ಹೀಟರ್ ನಿಧಾನದ ಪ್ರಾಣಿ, ಅಷ್ಟು ಸಣ್ಣ ಏರಿಳಿತ ಅದರ ಅರಿವಿಗೇ ಬರುವುದಿಲ್ಲ.

ಕೋಣೆಯ ಕಾವೇ ಏರುಪೇರಾದರೆ ಮಾತ್ರ ರೇಷ್ಮೆ ಹುಳುವಿನ ಅರಿವಿಗೆ ಬರುತ್ತದೆ. ಕರ್ನಾಟಕದಲ್ಲಿ ಈ ಸರ್ಕ್ಯೂಟುಗಳಿಗೆ ಸಿಕ್ಕ ಅತ್ಯಂತ ಕಟುವಾದ ಪರೀಕ್ಷಕ ಅದೇ. ಮೊಟ್ಟೆಗೆ 25 ಡಿಗ್ರಿ ಕಾವು ಬೇಕು, ತೇವಾಂಶ ಶೇಕಡಾ ಎಂಬತ್ತರ ಆಸುಪಾಸು. ಮರಿ ಹೊರಬಂದ ಮೇಲೆ ಮೊದಲ ಎರಡು ಹಂತದ ಚಾಕಿ ಹುಳುವಿಗೆ 27–28 ಡಿಗ್ರಿ, ತೇವ 85ರಿಂದ 90. ಎರಡನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಕಳೆದು ಹುಳು ದೊಡ್ಡದಾದಂತೆ ಕಾವನ್ನೂ ತೇವವನ್ನೂ ಇಳಿಸುತ್ತ 24 ಡಿಗ್ರಿಗೆ, ಶೇಕಡಾ 70ಕ್ಕೆ ತರಬೇಕು. ಹಿಂದೆ ರಾಮನಗರ, ಶಿಡ್ಲಘಟ್ಟದ ಕಡೆ ಚಳಿಗಾಲದ ರಾತ್ರಿಗಳಲ್ಲಿ ಹುಳುಮನೆಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು, ತಟ್ಟೆಯ ಸುತ್ತ ಒದ್ದೆ ಸ್ಪಂಜು, ಮೇಲೆ ಮೇಣದ ಕಾಗದ. ಒಬ್ಬರು ಎದ್ದು ಎದ್ದು ನೋಡುತ್ತಿರಬೇಕು. ಹೊಗೆ ಹೆಚ್ಚಾದರೆ ಹುಳುವಿಗೂ ಕೇಡು, ಕಾವಲಿಗಿದ್ದವರಿಗೂ ಕೇಡು.

ನಾಟಿ ಹುಳು ಇಂಥ ಏರುಪೇರನ್ನು ಹೇಗೋ ತಾಳಿಕೊಳ್ಳುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಸಹಕಾರದೊಂದಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ದ್ವಿತಳಿ ಗೂಡಿನ ಮೇಲೆ ಒತ್ತು ಕೊಟ್ಟಿತು. ನೂಲು ಉದ್ದ, ಬೆಲೆ ಹೆಚ್ಚು, ಆದರೆ ಹುಳು ನಾಜೂಕು. ಪ್ರತಿ ರೈತನೂ ಮನೆಯಲ್ಲೇ ಮರಿ ಸಾಕುವ ಬದಲು ಚಾಕಿ ಸಾಕಾಣಿಕೆ ಕೇಂದ್ರಗಳು ಮರಿ ಹುಳು ಬೆಳೆಸಿ ಮಾರುವ ಪದ್ಧತಿ ಹಬ್ಬಿದ್ದಕ್ಕೆ ಈ ನಾಜೂಕೂ ಒಂದು ಕಾರಣ. ಆ ಕೇಂದ್ರಗಳಿಗೆ ಹೀಟರ್ ಬಂತು, ಹೀಟರಿನ ಹಿಂದೆ ಕಂಟ್ರೋಲರ್ ಬಂತು. ಆಗ ಎದ್ದ ತೊಡಕು ಪುಸ್ತಕದ ಪಿಐಡಿಯಲ್ಲಿ ಇಲ್ಲದ್ದು: ಕೋಣೆ ಬಿಸಿಯಾದಷ್ಟೂ ಸಾಪೇಕ್ಷ ತೇವಾಂಶ ಕುಸಿಯುತ್ತದೆ. ಹೀಟರ್ ಗೆದ್ದರೆ ಸೊಪ್ಪು ಒಣಗುತ್ತದೆ, ಒಣಗಿದ ಸೊಪ್ಪನ್ನು ಚಾಕಿ ಹುಳು ಮುಟ್ಟುವುದಿಲ್ಲ. ತೇವ ಊದುವ ಯಂತ್ರ ಗೆದ್ದರೆ ಕೋಣೆ ತಣ್ಣಗಾಗಿ ಹೀಟರ್ ಮತ್ತೆ ಏಳುತ್ತದೆ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ವಹಿಸಿದರೆ ಅವು ರಾತ್ರಿಯೆಲ್ಲ ಜಗಳವಾಡುತ್ತವೆ. ಒಂದೇ ಚಿಪ್ ಎರಡನ್ನೂ ನೋಡಿಕೊಂಡು, ಹೀಟರ್ ಹಾಕುವ ಮುನ್ನ ತೇವದ ಲೆಕ್ಕ ಕೇಳುವಂತೆ ಬರೆದ ಪ್ರೋಗ್ರಾಮಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕಾವಲುಗಾರನ ನಿದ್ದೆಗೆಟ್ಟ ರಾತ್ರಿಗಳ ಅನುಭವವೇ ಅಲ್ಲಿ ಕೆಲವು ಸಾಲುಗಳ ಕೋಡಾಗಿ ಇಳಿದಿದೆ.

ಇದೇ ಕುಟುಂಬದ ಇನ್ನೊಂದು ಬೆಂಗಳೂರಿನ ಉದಾಹರಣೆ ಎಂಬ್ರೇಸ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ 2007ರಲ್ಲಿ ಮೊಳೆತ ಈ ಯೋಜನೆ ಬೆಂಗಳೂರಿಗೆ ಬಂದು ನೆಲೆಸಿತು. ತೂಕ ಕಡಿಮೆಯಿರುವ ನವಜಾತ ಶಿಶುವನ್ನು ಬೆಚ್ಚಗಿಡುವ ಚೀಲ ಅದು. ಅದರೊಳಗೆ ಹೀಟರ್ ಇಲ್ಲ. 37 ಡಿಗ್ರಿಯ ಹತ್ತಿರ ಕರಗುವ ಮೇಣದಂಥ ವಸ್ತುವಿನ ಪೊಟ್ಟಣವಿದೆ. ಹೀಟರ್ ಬೇರೊಂದು ಪೆಟ್ಟಿಗೆಯಲ್ಲಿ ಪೊಟ್ಟಣವನ್ನು ಕಾಯಿಸಿಕೊಟ್ಟರೆ, ಕರೆಂಟು ಹೋದರೂ ಮೇಣ ಹೆಪ್ಪುಗಟ್ಟುತ್ತ ಕೆಲವು ಗಂಟೆ ಅದೇ ಕಾವು ಬಿಟ್ಟುಕೊಡುತ್ತದೆ. ಹತೋಟಿಯ ಅರ್ಧ ಭಾರವನ್ನು ಚಿಪ್ಪಿನ ಬದಲು ವಸ್ತುವಿನ ಗುಣಕ್ಕೇ ಹೊರಿಸಿದ ಇಂಥ ವಿನ್ಯಾಸ ಈ ಕಸುಬಿನಲ್ಲಿ ಅಪರೂಪದ ಜಾಣತನ. ಮನೆಯ ಗೋಡೆಗೆ ಚುಚ್ಚುವ ಸೊಳ್ಳೆ ಔಷಧದ ಯಂತ್ರವೂ ಸದ್ದಿಲ್ಲದೆ ಇದನ್ನೇ ಮಾಡುತ್ತದೆ. ಅದರಲ್ಲಿರುವ ಸಿರಾಮಿಕ್ ಬಿಲ್ಲೆ ಕಾದಂತೆ ಅದರ ರೋಧ ಏಕಾಏಕಿ ಏರಿ, ಹೀಟರ್ ತನ್ನನ್ನು ತಾನೇ ತಡೆದುಕೊಳ್ಳುತ್ತದೆ.

2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೋ ಹುಟ್ಟಿದ ಮೇಲೆ ಚಿಪ್ಪಿಗೆ ಬರೆಯಲು ಪ್ರತ್ಯೇಕ ಪ್ರೋಗ್ರಾಮರ್ ಪೆಟ್ಟಿಗೆಯೂ ಬೇಡವಾಯಿತು, ಯುಎಸ್‌ಬಿ ತಂತಿ ಸಾಕು. ಅದೇ ವರ್ಷ ಬ್ರಿಟನ್ನಿನಲ್ಲಿ ಏಡ್ರಿಯನ್ ಬೋಯರ್ ಶುರುಮಾಡಿದ ರೆಪ್‌ರ್‍ಯಾಪ್ ಯೋಜನೆಯಿಂದ ಮನೆಯ ಮೇಜಿನ ಮೇಲಿನ ತ್ರೀಡಿ ಪ್ರಿಂಟರ್ ಬಂತು. ಅದರ ಮೂತಿಯಲ್ಲಿರುವುದು ಬೆರಳಿನ ತುದಿಯಷ್ಟು ಗಾತ್ರದ, 12 ವೋಲ್ಟಿಗೆ 40 ವ್ಯಾಟಿನ ಹೀಟರ್. ರೋಧ ಬರೀ 3.6 ಓಮ್. ಕರೆಂಟ್ ಒಲೆ ಕಾಣದ ತಲೆಮಾರು ಹೀಟರಿನ ಗಣಿತವನ್ನು ಕಲಿತದ್ದು ಹೆಚ್ಚಾಗಿ ಇಲ್ಲಿ. ಕಾವು ಅಳೆಯುವ ಥರ್ಮಿಸ್ಟರ್ ತನ್ನ ಗೂಡಿನಿಂದ ಜಾರಿದರೆ ಚಿಪ್ಪಿಗೆ ಮೂತಿ ತಣ್ಣಗಿದೆ ಎಂದೇ ಅನ್ನಿಸುತ್ತದೆ, ಅದು ಇನ್ನೂ ಇನ್ನೂ ಕಾಯಿಸುತ್ತ ಹೋಗುತ್ತದೆ. ಕಾಯಿಸಿದರೂ ಅಳತೆ ಏರದಿದ್ದರೆ ಎಲ್ಲ ನಿಲ್ಲಿಸು ಎಂಬ ತಪಾಸಣೆ ಪ್ರಿಂಟರಿನ ಪ್ರೋಗ್ರಾಮುಗಳಿಗೆ ಸೇರಿದ್ದು ಈ ಕಾರಣಕ್ಕೆ.

ವಾಕಡದ ಸುತ್ತಲಿನ ಕಂಪನಿಗಳಲ್ಲಿ ಈ ಕಸುಬಿನ ಹೊಸ ರೂಪ ವಾಹನದ್ದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಪೆಟ್ರೋಲ್ ದ್ವಿಚಕ್ರ ವಾಹನಗಳ ಹೊಗೆ ಕೊಳವೆಯಲ್ಲೂ ಆಮ್ಲಜನಕದ ಸೆನ್ಸರ್ ಸಾಮಾನ್ಯವಾಯಿತು. ಸಿರಾಮಿಕ್ಕಿನ ಆ ಸೆನ್ಸರ್ ಕೆಲಸ ಮಾಡುವುದು ಚೆನ್ನಾಗಿ ಕಾದ ಮೇಲೆಯೇ, ಆದ್ದರಿಂದ ಬಹಳಷ್ಟು ಸೆನ್ಸರುಗಳ ಒಳಗೇ ಪುಟ್ಟ ಹೀಟರ್ ಇರುತ್ತದೆ. ಎಂಜಿನ್ ಹೊತ್ತಿದ ಕೂಡಲೇ ಪೂರ್ತಿ ಶಕ್ತಿ ಕೊಟ್ಟರೆ ಕೆಲಸ ಬೇಗ ಆಗುತ್ತದಲ್ಲ ಎನ್ನಿಸಬಹುದು. ಕೊಡುವಂತಿಲ್ಲ. ತಣ್ಣನೆಯ ಕೊಳವೆಯಲ್ಲಿ ನೀರ ಹನಿ ಕೂತಿರುತ್ತದೆ, ಕಾದ ಸಿರಾಮಿಕ್ಕಿಗೆ ಒಂದು ಹನಿ ತಾಗಿದರೆ ಅದು ಬಿರಿಯುತ್ತದೆ. ಹನಿ ಆರಿರಬಹುದೆಂದು ಲೆಕ್ಕ ಹಾಕುವವರೆಗೆ ಎಂಜಿನ್ನಿನ ಕಂಪ್ಯೂಟರ್ ಹೀಟರನ್ನು ಮಂದವಾಗಿಟ್ಟು ಕಾಯುತ್ತದೆ. ಈ ಕಾಯುವಿಕೆಯನ್ನು ಚಳಿ, ಮಳೆ, ಘಟ್ಟಗಳಿಗೆ ಹೊಂದಿಸಿ ಪರೀಕ್ಷಿಸುವುದು ಇವತ್ತು ಪುಣೆಯ ಎಂಜಿನಿಯರುಗಳ ದಿನನಿತ್ಯದ ಕೆಲಸ.

ಇಷ್ಟೆಲ್ಲ ಆದರೂ ಚಿಪ್ಪನ್ನು ಪೂರ್ತಿ ನಂಬಿದವರು ಈ ಕಸುಬಿನಲ್ಲಿ ಇಲ್ಲ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕಿಕೊಂಡರೆ ತಾನೇ ಮರುಚಾಲನೆ ಮಾಡುವ ವಾಚ್‌ಡಾಗ್ ಟೈಮರ್ ಇರುತ್ತದೆ ನಿಜ. ಆದರೆ ಟ್ರಯಾಕ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಚಿಪ್ ಎಷ್ಟು ಸಲ ‘ನಿಲ್ಲಿಸು’ ಎಂದರೂ ಕರೆಂಟು ಹರಿಯುತ್ತಲೇ ಇರುತ್ತದೆ. ಅದಕ್ಕಾಗಿ ಹೀಟರಿನ ಸಾಲಿನಲ್ಲೇ, ಚಿಪ್ಪಿನ ಮಾತು ಕೇಳದ ಇನ್ನೊಂದು ತಡೆ ಇರಬೇಕು: ಒಮ್ಮೆ ಕರಗಿದರೆ ಮುಗಿಯಿತು ಎನ್ನುವ ಥರ್ಮಲ್ ಫ್ಯೂಸ್, ಇಲ್ಲವೇ ಎರಡು ಲೋಹದ ಬಿಲ್ಲೆಯ ಕಟ್‌ಔಟ್. ಗೋಡೆಯ ಗೀಸರಿಗೆ ಥರ್ಮೋಸ್ಟಾಟಿನ ಜೊತೆ ಪ್ರತ್ಯೇಕ ಕಟ್‌ಔಟ್ ಇಡುವುದು ಈ ಕಾರಣಕ್ಕೆ. ಡಿಜಿಟಲ್ ಅಂಕಿ ಮಿನುಗುವ, ಫೋನಿನಿಂದ ಹಾಕಬಹುದಾದ ಹೊಸ ಗೀಸರಿನ ಮುಚ್ಚಳ ತೆಗೆದರೂ ಮೈಕ್ರೋಕಂಟ್ರೋಲರ್ ಬೋರ್ಡಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಆ ಬಿಲ್ಲೆ ಕೂತಿರುತ್ತದೆ. ನೀರು ಬಿಸಿಯಾಗುತ್ತಿಲ್ಲ ಎಂದು ಕರೆಸಿದ ರಿಪೇರಿಯವನು ಬೋರ್ಡಿಗೆ ಕೈ ಹಾಕುವ ಮೊದಲು ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟು ನೋಡುವುದು ಅದನ್ನೇ.